ಟ್ರಂಕಿನೊಳಗಿನ ಬಕುಳದ ಸರ

ಹೊನ್ನಾಳಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಬಕುಳದ ಮರವಿತ್ತು. ಅದರ ಹೂವನ್ನು ಯಾರೂ ಕೀಳುತ್ತಿರಲಿಲ್ಲ, ತಾನೇ ಉದುರುತ್ತಿತ್ತು. ಅವ್ವ ಬೆಳಿಗ್ಗೆ ಕಸ ಗುಡಿಸುವ ಮೊದಲು ಅವನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಬಕುಳಕ್ಕೆ ಸೂಜಿ ಬೇಡ. ಹೂವಿನ ನಡುವೆಯೇ ತೂತು ಇರುತ್ತದೆ, ಬಾಳೆನಾರಿಗೆ ಪೋಣಿಸಿದರಾಯಿತು. ಆ ಸರವನ್ನು ಮೊರದಲ್ಲಿ ಹರಡಿ ನೆರಳಿನಲ್ಲಿ ಒಣಗಿಸುತ್ತಿದ್ದಳು. ಒಣಗಿದ ಬಕುಳ ಕಂದುಬಣ್ಣಕ್ಕೆ ತಿರುಗುತ್ತದೆ, ನೋಡಲು ಏನೇನೂ ಚೆಂದವಿಲ್ಲ. ವಾಸನೆ ಮಾತ್ರ ಬಹಳ ಕಾಲ ಉಳಿಯುತ್ತದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಅಕ್ಕನನ್ನು ಜಗಳೂರಿಗೆ ಕೊಟ್ಟರು. ಕಳಿಸುವ ದಿನ ಅವ್ವ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿಯ ಜೊತೆ ಒಣಗಿದ ಒಂದು ಸರವನ್ನೂ ಹಾಕಿದಳು. ಅಕ್ಕ ಅದನ್ನು ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಳು. ಅಲ್ಲಿಂದ ಮುಂದೆ ಅದೊಂದು ರೂಢಿಯಾಯಿತು. ಪಂಚಮಿಗೆ ತವರಿಗೆ ಬರುವಾಗ ಅಕ್ಕ ಹಳೆಯ ಸರ ತರಬೇಕು. ಅವ್ವ ಅದನ್ನು ಇಸಿದುಕೊಂಡು ಮರದ ಬುಡಕ್ಕೆ ಹಾಕಿ ಹೊಸದನ್ನು ಕೊಡಬೇಕು. ಹಾಗಾಗಿ ಅಕ್ಕನ ಬಳಿ ಯಾವಾಗಲೂ ಇದ್ದದ್ದು ಒಂದೇ ಸರ.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಕಾರ್ಯ ಮುಗಿಸಿ ಅಕ್ಕನನ್ನು ಜಗಳೂರಿಗೆ ಬಿಟ್ಟುಬರಲು ನಾನು ಹೋಗಿದ್ದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ, ಸರ ಒಂದಾದರೂ ಐತಲ್ಲ ಅಂದಳು, ಅಷ್ಟೆ.

ಮನೆ ಸೇರಿದವಳು ಕೈಕಾಲು ತೊಳೆದು ನೇರ ಟ್ರಂಕಿನ ಮುಂದೆ ಕೂತಳು. ಮುಚ್ಚಳ ತೆಗೆದ ಕೂಡಲೇ ಬಾಗಿಲ ಬಳಿ ನಿಂತಿದ್ದ ನನಗೂ ಆ ವಾಸನೆ ಬಡಿಯಿತು. ನುಸಿಗುಳಿಗೆ. ಅಕ್ಕನ ಅತ್ತೆ ಅವಳ ಹಿಂದೆಯೇ ಬಂದು ನಿಂತಿದ್ದರು. ಏನೋ ಒಳ್ಳೆಯ ಸುದ್ದಿ ಹೇಳುವವರ ಮುಖ.

“ಹುಳ ಬಿದ್ದಿದ್ವು ಕಣವ್ವ. ಹಂಗೇ ಬಿಟ್ಟಿದ್ರೆ ನಿಮ್ಮವ್ವನ ಹೂವು ಪುಡಿ ಆಗಿಹೋಗ್ತಿತ್ತು. ಅದಕ್ಕೇ ಸಂತೇಲಿ ಗುಳಿಗೆ ತರಿಸಿ ಹಾಕ್ದೆ. ನೋಡು, ಒಂದು ಹೂವೂ ಉದುರಿಲ್ಲ.”

ಅದು ನಿಜ. ಒಂದು ಹೂವೂ ಉದುರಿರಲಿಲ್ಲ. ಅಕ್ಕ ಸರವನ್ನು ಮೂಗಿಗೆ ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

“ಒಳ್ಳೇದು ಮಾಡಿದ್ರಿ ಅತ್ತೆ” ಅಂದಳು.

ಮಾರನೆಯ ದಿನ ಸರ ಅಂಗಳದ ಹಗ್ಗದ ಮೇಲೆ ಗಾಳಿಗೆ ಆಡುತ್ತಿತ್ತು. ಜಗಳೂರಿನ ಗಾಳಿಗೆ ಒದ್ದೆ ಕಂಬಳಿಯೂ ಮಧ್ಯಾಹ್ನದೊಳಗೆ ಒಣಗುತ್ತದೆ, ಗುಳಿಗೆಯ ವಾಸನೆ ಮಾತ್ರ ಹೋಗಲಿಲ್ಲ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದ್ದನ್ನು ನಾನು ಕಂಡೆ. ಸರವನ್ನು ಮತ್ತೆ ಹಗ್ಗಕ್ಕೆ ಹಾಕಿ ಒಳಗೆ ಹೋದರು. ಆ ದಿನ ಊಟಕ್ಕೂ ಸರಿಯಾಗಿ ಕೂರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು.

ಮುಂದಿನ ಬೇಸಿಗೆಯಲ್ಲಿ ನಮ್ಮ ಮರದ ಹೂವು ಬೇಕೆಂದು ಜಗಳೂರಿನಿಂದ ಹೇಳಿಕಳಿಸಿದವರು ಅತ್ತೆಯೇ. ನಾನು ಉದುರಿದ ಹೂವನ್ನು ಆರಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದೆ. ಗಂಟು ಬಿಚ್ಚಿದ ಅತ್ತೆ, “ಏನಪ್ಪ, ಬೀಗರ ಮನೆಗೆ ಬರಾಕೆ ಒಂದು ಚಿಪ್ಪು ಬಾಳೆಹಣ್ಣು ಸಿಗಲಿಲ್ಲೇನು? ಹಿತ್ಲು ಗುಡಿಸ್ಕೊಂಡು ಬಂದೀಯಲ್ಲ” ಅಂದರು. ಆಮೇಲೆ ತಾವೇ ನಾರು ಸೀಳಿ ಪೋಣಿಸಲು ಕೂತರು. ಮೊರದಲ್ಲಿ, ನೆರಳಿನಲ್ಲಿ ಒಣಗಿಸಿದರು. ಎಲ್ಲ ಅವ್ವ ಮಾಡುತ್ತಿದ್ದಂತೆಯೇ.

ಸರ ಒಣಗಿದ ಮೇಲೆ ಹೇಗಾಗಿದೆ ಎಂದು ನಾನು ಇನ್ನೊಂದು ಸಲ ಹೋದಾಗ ಕೇಳಿದೆ. ಅತ್ತೆ ಒಳಗಿದ್ದರು. ಅಕ್ಕ ದನಿ ತಗ್ಗಿಸಿದಳು.

“ಮರದ ವಾಸನೆ ಐತೆ ಕಣೋ. ಅವ್ವಂದಿಲ್ಲ.”

ಅವ್ವನ ಸರದಲ್ಲಿ ಹೂವಿನ ಜೊತೆ ಇನ್ನೇನು ಸೇರುತ್ತಿತ್ತೋ ನನಗೆ ತಿಳಿಯದು. ಕೈಯ ಸೀಗೆಪುಡಿ ಇರಬಹುದು, ಸೆರಗಿನ ಹೊಗೆ ಇರಬಹುದು. ಇದು ಊಹೆ. ಗೊತ್ತಿದ್ದವಳನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಎಂಬತ್ತರ ದಶಕದ ನಡುವೆ ಅತ್ತೆಯೂ ಹೋದರು. ಅದರ ಮರುವರ್ಷ ನಾನು ಜಗಳೂರಿಗೆ ಹೋದಾಗ ಅಕ್ಕ ಟ್ರಂಕು ತೆಗೆದು ಸೀರೆಗಳನ್ನು ಮಡಿಸುತ್ತಿದ್ದಳು. ಸರಗಳು ಎರಡೂ ಇದ್ದವು. ಹಳೆಯದನ್ನು ಮರದ ಬುಡಕ್ಕೆ ಹಾಕುವ ರೂಢಿ ಅವ್ವನೊಂದಿಗೇ ನಿಂತಿತ್ತು. ಮಡಿಸಿ ಮುಗಿದ ಮೇಲೆ ಅಕ್ಕ ಕಾಗದದ ಪೊಟ್ಟಣ ಬಿಚ್ಚಿ ಹೊಸ ನುಸಿಗುಳಿಗೆಗಳನ್ನು ಮೂಲೆಗಳಿಗೆ ಇಟ್ಟಳು.

ಮತ್ತೆ ಇದನ್ಯಾಕೆ ಹಾಕ್ತೀಯ ಎಂದು ಕೇಳಿದೆ.

“ಇರಲಿ ಬಿಡೋ. ಅತ್ತೆ ವಾಸನೆ ಅದು.”

ಆಮೇಲೆ ಅವ್ವನ ಸರವನ್ನು ಎತ್ತಿ ಮೂಸಿದಳು. ಒಂದೊಂದು ಸಲ ಅವ್ವಂದೂ ಬಂದಂಗಾಗತ್ತೆ ಅಂದಳು. ಸರವನ್ನು ನನ್ನ ಕಡೆ ಚಾಚಿದಳು.

“ನಿಂಗೆ ಬರ್ತೈತಾ ನೋಡು.”

ಮೂಸಿದೆ. ಗುಳಿಗೆಯ ವಾಸನೆ ಬಂತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ.