ಕಸ ಗುಡಿಸುವವಳ ಕೊನೆಯ ಮಾತು

ಅಕ್ಕ ಹೇಳಿದ ಕಥೆಯ ಕೊನೆಯನ್ನು ನಾನು ಬದಲಿಸಿ ಬರೆದೆ. ಅವಳಿಗೆ ಓದು ಬಾರದೆಂದು ಗೊತ್ತಿದ್ದೇ ಬರೆದೆ.

ಅಕ್ಕ ಹುಲಿಗೆಮ್ಮ ಶಾಲೆಗೆ ಹೋದವಳಲ್ಲ. ನಾನು ಏಳನೆಯ ತರಗತಿಯವರೆಗೆ ಕಲಿತವಳು — ಮನೆಯಲ್ಲಿ ಅಕ್ಷರ ಇದ್ದದ್ದು ನನ್ನೊಬ್ಬಳ ಕೈಯಲ್ಲಿ. ಒಮ್ಮೆ ಬಳಗಾನೂರಿನಿಂದ ಹಳೆಯ ಕಾದಂಬರಿಯೊಂದನ್ನು ತಂದು ಅವಳಿಗೆ ಓದಿ ಹೇಳಿದೆ. ದೊಡ್ಡ ಮನೆತನದ ಕಥೆ. ಎಲ್ಲರೂ ಹೊಗಳುವ ಪುಸ್ತಕ. ಅದರಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು ಬರುತ್ತಾಳೆ. ಹೆಸರಿಲ್ಲ. ಒಡತಿಯ ಮೂಗುತಿ ಕದ್ದಳೆಂದು ಹೊರಗೆ ಹಾಕುತ್ತಾರೆ. ಎರಡೇ ಸಾಲು, ಮುಂದೆ ಅವಳ ಸುದ್ದಿಯೇ ಇಲ್ಲ.

ಅಕ್ಕ ಅಲ್ಲಿಯೇ ತಡೆದಳು. “ಅದಕ್ಕ ಆಕಿ ಏನಂದ್ಲು?”

“ಏನೂ ಅಂದಿಲ್ಲ ಯಕ್ಕಾ. ಪುಸ್ತಕದಾಗ ಇಲ್ಲ.”

“ಹಂಗಾರ ನಾ ಹೇಳ್ತೀನಿ. ನೀ ಬರಿ.”

ಆ ವರ್ಷ ದಢೇಸುಗೂರಿನ ಗದ್ದೆಗಳಲ್ಲಿ ಸಾಲಾಗಿ ಬಾಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ಭತ್ತದ ಸಸಿ ಹಚ್ಚುವಾಗ, ಅಕ್ಕ ಇಡೀ ಕಥೆಯನ್ನು ಆ ಹೆಂಗಸಿನ ಬಾಯಿಂದಲೇ ಹೇಳಿದಳು. ಸಂಜೆ ನಾನು ಅದನ್ನು ನೋಟುಬುಕ್ಕಿಗೆ ಇಳಿಸುತ್ತಿದ್ದೆ.

“ಏ ಹುಲಿಗೆವ್ವ, ನಿನ್ನ ಕಥಿ ಕೇಳ್ಕೋಂತ ಸಸಿ ಸೊಟ್ಟ ಹಚ್ಚಾಕತ್ತೀವಿ!” ಎಂದು ಯಾರೋ ನಕ್ಕರೆ, “ನೆಲ್ಲು ಸೊಟ್ಟ ಬೆಳದ್ರ ಅನ್ನ ಸೊಟ್ಟ ಆಕ್ಕೈತೇನ?” ಎನ್ನುತ್ತಿದ್ದಳು.

ಎಲ್ಲರಿಗೂ ಗೊತ್ತಿತ್ತು — ಆ ಹೆಂಗಸು ಅಕ್ಕನೇ. ಹಿಂದೊಮ್ಮೆ ಗದ್ದೆಯ ಧಣಿಯ ಮನೆಯಲ್ಲಿ ಲಿಂಗ ಇಡುವ ಬೆಳ್ಳಿ ಕರಡಿಗೆ ಕಾಣೆಯಾದಾಗ, ಕಸ ಹೊಡೆಯುತ್ತಿದ್ದ ಇವಳನ್ನು ಕಳ್ಳಿ ಎಂದು ಹೊರಗೆ ಹಾಕಿದ್ದರು. ಧಣಿಯ ಮಗ ಅದನ್ನು ಸಿಂಧನೂರಿಗೆ ಒಯ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವಳನ್ನು ಕೇಳಿದವರಿಲ್ಲ. ಅದಕ್ಕೇ ಕಥೆಯ ಕೊನೆಯನ್ನು ನಾಟಿಯ ಸಾಲಿನಲ್ಲಿ ಹೇಳಲಿಲ್ಲ, ಹೆಂಗಸರ ಸಂಘದ ಸಭೆಯಲ್ಲಿ, ಎಲ್ಲರೆದುರು ಓದಿಸಬೇಕೆಂದು ನನಗೊಬ್ಬಳಿಗೇ ಹೇಳಿ ಬರೆಸಿದಳು: “ನಾ ಕದ್ದಿಲ್ಲ. ಕದ್ದಾವ ನಿಮ್ಮ ಮನ್ಯಾಗ ಕುಂತು ಉಣ್ಣಾಕತ್ತಾನ.”

ನನ್ನ ಕೈ ನಿಂತಿತು. ನನ್ನ ಗಂಡ ಆಗ ಅದೇ ಧಣಿಯ ಟ್ರ್ಯಾಕ್ಟರ್ ಓಡಿಸುತ್ತಿದ್ದ... ಪುಸ್ತಕದಲ್ಲಿ ಇದ್ದಂತೆಯೇ ಇರಲಿ, ಅಚ್ಚಾದದ್ದು ಸುಳ್ಳಾಗುತ್ತದೆಯೇ — ಎಂದುಕೊಂಡೆ. ಎಂದುಕೊಂಡೆ ಅಷ್ಟೆ, ಹೆದರಿಕೆ ಅದಕ್ಕಿಂತ ಮೊದಲೇ ಬಂದಿತ್ತು. “ಮೂಗುತಿ ಕದ್ದದ್ದು ನಿಜ, ನನ್ನದು ತಪ್ಪಾಯಿತು” ಎಂದು ಬರೆದು ಮುಗಿಸಿದೆ. ಅವಳು ಆ ಪುಟದ ಮೇಲೆ ಅಂಗೈ ಸವರಿ, “ಚಂದ ಬರದೀದಿ” ಎಂದಳು.

ಸಭೆಯಲ್ಲಿ ಓದು ಬಲ್ಲ ಹುಡುಗಿಯೊಬ್ಬಳ ಕೈಗೆ ಅಕ್ಕನೇ ನೋಟುಬುಕ್ಕು ಕೊಟ್ಟಳು. ನಾನು ತಡೆಯಲಿಲ್ಲ — ತಡೆದರೆ ಕಾರಣ ಹೇಳಬೇಕಿತ್ತು. ಕೊನೆಯ ಸಾಲು ಬಂದಾಗ ಹೆಂಗಸರೆಲ್ಲ ಅಕ್ಕನತ್ತ ನೋಡಿದರು. ಅಕ್ಕ ನನ್ನತ್ತ.

“ನೀನೂ ಹಂಗ ಅಂದೇನ, ತಂಗೀ?”

ನಾನು ಆ ಹುಡುಗಿಯ ಕಡೆ ನೋಡಿದೆ — ಅವಳೇ ತಪ್ಪು ಓದಿದಳೇನೋ ಎಂಬಂತೆ.

ಆಮೇಲೆ ಅಕ್ಕ ಸಾಲಿನಲ್ಲಿ ಬಾಯಿ ಬಿಡಲಿಲ್ಲ. ಅದುವರೆಗೆ ಕಳ್ಳಿ ಎಂದದ್ದು ಧಣಿಯ ಮನೆಯವರು ಮಾತ್ರ. ಈಗ ತಂಗಿಯೇ ಬರೆದುಕೊಟ್ಟಂತಾಗಿತ್ತು. ಹೋದ ವರ್ಷ ಮಸ್ಕಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಳು. ನೋಟುಬುಕ್ಕನ್ನು ಎಂದೋ ತಾನೇ ಒಲೆಗೆ ಹಾಕಿದ್ದಳಂತೆ.

ಅವಳು ಬರೆಸಿದ ಆ ಮಾತು ಈಗ ನನ್ನೊಬ್ಬಳಲ್ಲಿ ಉಳಿದಿದೆ. ಕಾಲುವೆಗೆ ನೀರು ಬಂದಿದೆ. ನಾಳೆ ಅದೇ ಧಣಿಯ ಗದ್ದೆಯಲ್ಲಿ ನಾಟಿ. ಅಕ್ಕ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ಬದುವಿನ ಮೇಲೆ ಧಣಿಯ ಮಗ ನಿಂತಿರುತ್ತಾನೆ. ಕೊನೆಯ ಮಾತಿಗೆ ಬೆನ್ನು ನೆಟ್ಟಗೆ ಮಾಡಿ, ಅವನಿಗೆ ಕೇಳುವ ಹಾಗೆ ಹೇಳುತ್ತೇನೆ. ಕೇಳಬೇಕಿದ್ದವಳು ಸಾಲಿನಲ್ಲಿ ಇರುವುದಿಲ್ಲ.