ಭಾವನವರ ಹೆಸರಿನ ದಳವಾಯಿ

ವಂಶದ ಚರಿತ್ರೆ ಬರೆಸುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಾಲ್ಕು ಎಕರೆ ಹೊಲ, ಒಂದು ಹೆಂಚಿನ ಮನೆ ಆದ ಕೂಡಲೇ ಇವರ ಮುತ್ತಜ್ಜನಿಗೆ ಕುದುರೆ, ಕತ್ತಿ, ಜರಿಪೇಟ ಎಲ್ಲವೂ ಬಂದುಬಿಡುತ್ತವೆ. ಮುತ್ತಜ್ಜಿಗೆ ಮಾತ್ರ ಏನೂ ಬರುವುದಿಲ್ಲ. ಅವಳು ಇದ್ದಳೋ ಇಲ್ಲವೋ ಎನ್ನುವುದು ಕೂಡ ಆ ಪುಸ್ತಕಗಳಿಂದ ತಿಳಿಯುವುದಿಲ್ಲ. ಮೊನ್ನೆ ನನ್ನ ಮೊಮ್ಮಗಳು ಒಂದು ನೋಟುಬುಕ್ಕು ತಂದುಕೊಟ್ಟು, "ಅಜ್ಜಿ, ನಿನಗೆ ನೆನಪಿರೋದನ್ನೆಲ್ಲ ಬರೆದಿಡು, ಮುಂದೆ ನಾವು ಓದ್ತೀವಿ" ಎಂದಳು. ಬರೆಯುತ್ತೇನೆ. ಆದರೆ ಯಾರ ಹೆಸರನ್ನೂ ಬರೆಯುವುದಿಲ್ಲ. ಹಿಂದೆ ಒಂದು ಸಲ ಹೆಸರುಗಳನ್ನೆಲ್ಲ ಬರೆದಿದ್ದೆ, ಅದೇನಾಯಿತೆಂಬುದನ್ನೇ ಹೇಳುತ್ತೇನೆ.

ನಾನು ಹುಟ್ಟಿದ್ದು ಕ್ಲೋಸ್‌ಪೇಟೆಯಲ್ಲಿ, ಈಗ ರಾಮನಗರ ಎನ್ನುತ್ತಾರಲ್ಲ, ಅಲ್ಲಿ. ಅಪ್ಪನಿಗೆ ಸಣ್ಣದೊಂದು ಬಟ್ಟೆ ಅಂಗಡಿ ಇತ್ತು. ಅವರು ನನ್ನನ್ನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿಸಿ, ವಿರೂಪಾಕ್ಷಿಪುರದ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ರಾಗಿ ಬೆಳೆದು, ರೇಷ್ಮೆ ಹುಳು ಸಾಕುವ ಮನೆ. ನನ್ನ ಮಾವ ಆ ಹೊತ್ತಿಗೆ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು, ಅಂದರೆ ನನ್ನ ಭಾವನದು. ನನ್ನ ಗಂಡ ಅಣ್ಣನೆದುರು ತುಟಿ ಪಿಟಕ್ಕೆನ್ನುವವರಲ್ಲ. ಆ ಮನೆಯ ಗಂಡಸರಿಗೆ ಸಹಿ ಹಾಕುವುದಕ್ಕಿಂತ ಹೆಚ್ಚಿನ ಓದು ಇರಲಿಲ್ಲ, ಅದನ್ನೇ ಒಂದು ದೊಡ್ಡಸ್ತಿಕೆ ಎಂದುಕೊಂಡಿದ್ದರು.

ಸೊಸೆಯಾದವಳು ಗಂಡನ ಹೆಸರು, ಮಾವನ ಹೆಸರು, ಭಾವನ ಹೆಸರು ಬಾಯಲ್ಲಿ ಆಡಬಾರದು. ಇದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆ ಮನೆಯಲ್ಲಿ ಜೊತೆಗೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಕಟ್ಟುನಿಟ್ಟು ಬೇರೆ. ಹೀಗಾಗಿ ಹಿಂದಿನ ಆರೇಳು ತಲೆಗಳಿಗೆಲ್ಲ ಸೇರಿ ಇದ್ದದ್ದು ಮೂರೇ ಹೆಸರು. ಆ ಮೂರೂ ನಾನು ಹೇಳಬಾರದವು. ಕೈಯಲ್ಲಿ ಬರೆಯಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಬರೆಯಲು ಬರುವ ಸೊಸೆ ಆ ಹೊಸಲು ದಾಟಿದ್ದು ಅದೇ ಮೊದಲು, ಯಾರಿಗೆ ಹೊಳೆದೀತು?

ಭಾವನ ಮಗಳಿಗೆ ಮಾಗಡಿಯ ಕಡೆ ಸಂಬಂಧ ಕುದುರಿತು. ಆ ಬೀಗರು ತಮ್ಮ ಮನೆತನದ ಚರಿತ್ರೆಯನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದರು. ಅದನ್ನು ಕಣ್ಣಾರೆ ಕಂಡು ಬಂದ ದಿನದಿಂದ ಭಾವನಿಗೆ ಹೊಟ್ಟೆಯಲ್ಲಿ ಅನ್ನ ನಿಲ್ಲಲಿಲ್ಲ. ವೀಳ್ಯಶಾಸ್ತ್ರಕ್ಕೆ ಬೀಗರು ಬರುವುದರೊಳಗೆ ನಮ್ಮದೂ ಒಂದು ಆಗಬೇಕೆಂದು ಹಟ ಹಿಡಿದರು. ಅಚ್ಚಿಗೆ ಹೊತ್ತಿಲ್ಲ, ಕೈಬರಹವೇ ಸರಿ, ಮನೆಯಲ್ಲೇ ಬರೆಯುವವಳಿದ್ದಾಳೆ ಎಂದು ನಿಶ್ಚಯವಾಯಿತು.

ನಮ್ಮ ಮನೆತನದ ಕಥೆ ಗೊತ್ತಿದ್ದವನು ಒಬ್ಬನಿದ್ದ, ಹೆಳವ. ಮನೆತನಗಳ ತಲೆಮಾರು ಹೇಳಿಕೊಂಡು ಊರೂರು ತಿರುಗುವುದೇ ಹೆಳವರ ಕೆಲಸ. ಸುಗ್ಗಿ ಮುಗಿದ ಮೇಲೆ ಅವನು ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುತ್ತಿದ್ದ. ಬಾಗಿಲಲ್ಲಿ ನಿಂತು ನಮ್ಮ ಹಿರಿಯರ ಹೆಸರುಗಳನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಹೇಳಿ, ಒಂದು ಮೊರ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದ. ಅವನು ಹೇಳುತ್ತಿದ್ದ ಪ್ರಕಾರ ನಮ್ಮ ಮೂಲಪುರುಷ ಉಯ್ಯಂಬಳ್ಳಿ ಕಡೆಯವನು. ಎಮ್ಮೆ ಕದ್ದನೆಂದು ಊರವರು ಬೆನ್ನು ಹತ್ತಿದಾಗ ಹೆಂಡತಿಯನ್ನೂ ಆ ಎಮ್ಮೆಯನ್ನೂ ಹೊಡೆದುಕೊಂಡು ಇಲ್ಲಿಗೆ ಬಂದು ನೆಲೆ ನಿಂತವನು. ನನಗಂತೂ ಈ ಮನುಷ್ಯ ಇಷ್ಟವಾಗಿದ್ದ. ಓಡುವಾಗಲೂ ಹೆಂಡತಿಯನ್ನು ಬಿಟ್ಟು ಓಡಲಿಲ್ಲವಲ್ಲ!

"ಆ ಹೆಳವ್ನಿಗೇನ್ ಗೊತ್ತು, ರಾಗಿ ಕೊಟ್ಟೋರ್ ಕಥೆ ಹೇಳ್ತಾನೆ" ಎಂದರು ಭಾವ. ಅವರು ಜಗುಲಿಯ ಮೇಲೆ ಗೋಡೆಗೆ ಒರಗಿ ಕೂರುವುದು, ನಾನು ಒಳಗೆ ಬಾಗಿಲ ಮರೆಯಲ್ಲಿ ಮಣೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವುದು, ಹೀಗೆ ನಮ್ಮ ಚರಿತ್ರೆ ಶುರುವಾಯಿತು. ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದವಳನ್ನು ಎಬ್ಬಿಸಿ ಕೂರಿಸುತ್ತಿದ್ದರು. ಕೈಯ ಹಸಿರು ಹಾಳೆಗೆ ಹತ್ತುತ್ತಿತ್ತು.

"ಬರ್ಕೊಳವ್ವ. ನಮ್ಮ ಮೂಲಪುರುಷ ಮಾಗಡಿ ಅರಸರ ದಂಡ್ನಲ್ಲಿ ದಳವಾಯಿ ಆಗಿದ್ದ. ಬಿಳೀ ಕುದ್ರೆ."

ಬರೆದುಕೊಂಡೆ. ಮಾರನೆಯ ದಿನ ಒಂದು ಆನೆ ಬಂತು.

"ನಿನ್ನೆ ಕುದುರೆ ಅಂದಿದ್ರಿ ಭಾವ" ಎಂದೆ ಬಾಗಿಲ ಮರೆಯಿಂದ.

"ಕುದ್ರೇನೂ ಇರ್ಲಿ, ಆನೇನೂ ಇರ್ಲಿ. ದಳವಾಯಿ ಮನೇಲಿ ಒಂದೇ ಪ್ರಾಣಿ ಇರ್ತದ?"

ಎಮ್ಮೆ ಮಾತ್ರ ಇರಲಿಲ್ಲ. ಹೆಂಡತಿಯೂ ಇರಲಿಲ್ಲ. ಆರೇಳು ತಲೆಗಳು ಗಂಡಸಿಂದ ಗಂಡಸಿಗೆ ದಾಟಿಕೊಂಡು ಬಂದವು, ಹೆತ್ತವರು ಯಾರೂ ಇರಲೇ ಇಲ್ಲವೇನೋ ಎನ್ನುವ ಹಾಗೆ. ಒಬ್ಬರು ಕೆರೆ ಕಟ್ಟಿಸಿದರು, ಒಬ್ಬರು ಹುಲಿ ಹೊಡೆದರು, ಒಬ್ಬರಿಗೆ ಮೈಸೂರಿನ ಮಹಾರಾಜರು ಶಾಲು ಹೊದಿಸಿದರು. ಕೆರೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಇಂಥ ಬಡಾಯಿ ಬರೆಯುವುದಕ್ಕೆ ಅಪ್ಪ ನನಗೆ ಅಕ್ಷರ ಕಲಿಸಿದರೇ ಎಂದು ಒಂದೊಂದು ದಿನ ಅಳು ಬರುತ್ತಿತ್ತು.

ಚರಿತ್ರೆ ನಮ್ಮ ಮಾವನ ಕಾಲಕ್ಕೆ ಬಂದ ದಿನ ಅತ್ತೆ ನನ್ನ ಪಕ್ಕದಲ್ಲಿ ಬಂದು ಕೂತರು. ಭಾವ ಎದ್ದು ತೋಟದ ಕಡೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು.

"ನನ್ ಮಗಳ ಹೆಸ್ರು ಒಂದ್ ಕಡೆ ಬರಿಯವ್ವ. ಆ ಹೆಳವ್ನ ಕೇಳ್ದೆ, ಎರಡ್ ಮೊರ ರಾಗಿ ಕೊಡ್ತೀನಿ ಅಂದೆ. ಹೆಣ್ಮಕ್ಕಳ ಹೆಸ್ರು ನಮ್ ಬಾಯಲ್ಲಿ ಬರಾಕಿಲ್ಲ ತಾಯಿ ಅಂದ್ಬುಟ್ಟ. ನೀನಾರ ಬರಿ. ಹೆಸ್ರು ಸಾಕು."

ಅವರಿಗೆ ಮಗಳೊಬ್ಬಳು ಇದ್ದಳೆಂಬುದೇ ನನಗೆ ಅಂದು ಗೊತ್ತಾದದ್ದು. ನನ್ನ ಗಂಡನಿಗಿಂತ ಚಿಕ್ಕವಳು. ಪ್ಲೇಗು ಬಂದ ವರ್ಷ ಊರಲ್ಲಿ ಇಲಿ ಸತ್ತು ಬೀಳಲು ತೊಡಗಿದ ಮೇಲೆ ಎಲ್ಲರೂ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ನಮ್ಮವರು ರೇಷ್ಮೆ ಹುಳುವಿನ ತಟ್ಟೆಗಳನ್ನೂ ಹೊತ್ತುಕೊಂಡು ಹೋಗಿದ್ದರು. ದೊಡ್ಡ ಗುಡಿಸಲು ಹುಳುಗಳಿಗೆ, ಚಿಕ್ಕದು ಮನುಷ್ಯರಿಗೆ. ಹುಳು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಡುಗಿಗೆ ಜ್ವರ ಬಂದು ಕಂಕುಳಲ್ಲಿ ಗೆಡ್ಡೆ ಎದ್ದಿತು. ಸರ್ಕಾರದವರಿಗೆ ಗೊತ್ತಾದರೆ ಗುಡಿಸಲಿಗೆ ಬೆಂಕಿ ಇಟ್ಟು ಎಲ್ಲರನ್ನೂ ಬೇರೆ ಸಾಗಿಸುತ್ತಾರೆ, ಹುಳು ಹಾಳಾಗುತ್ತವೆ. ಆಗಲೇ ಮನೆಯ ಆಡಳಿತ ಭಾವನ ಕೈಗೆ ಬಂದಿತ್ತು. ಅವರು ಹೊಲದ ತುದಿಯಲ್ಲಿ ನಾಲ್ಕು ತೆಂಗಿನ ಗರಿ ನಿಲ್ಲಿಸಿ ತಂಗಿಯನ್ನು ಅಲ್ಲಿ ಮಲಗಿಸಿದರು. ತಮ್ಮ ಅವ್ವ ಅತ್ತ ಹೋಗದಂತೆ ಕಾವಲು ಕೂತರು. ಕೇಳಿದವರಿಗೆ, ಕಾನಕಾನಹಳ್ಳಿಯ ಸೋದರಮಾವನ ಮನೆಗೆ ಹೋಗಿದ್ದಾಳೆ ಎಂದರು.

"ಅವ್ವಾ ನೀರು ಅಂತ ಕೂಗ್ತಿದ್ಲು. ಎರಡ್ ದಿನ ಕೂಗಿದ್ಲು. ಮೂರ್ನೇ ದಿನ ಕೂಗ್ಲಿಲ್ಲ" ಎಂದರು ಅತ್ತೆ. ಅಳಲಿಲ್ಲ. ಅಳುವುದನ್ನು ಎಂದೋ ಮುಗಿಸಿದ್ದರು. ಆಮೇಲೆ, ಸೋದರಮಾವನ ಮನೆಯಲ್ಲಿ ಬರೀ ಜ್ವರದಿಂದ ಹೋದಳೆಂದು ಊರಿಗೆ ಹೇಳಿದರಂತೆ. ತಿಥಿ ಮಾಡಲಿಲ್ಲ. ಹೆಸರೆತ್ತಬಾರದು ಎಂದು ಭಾವ ಅವ್ವನಿಗೆ ಹೇಳಿದರು. ಅವ್ವ ಹೆಸರೆತ್ತಲಿಲ್ಲ. ಆ ಸಲ ಗೂಡು ಚೆನ್ನಾಗಿ ಬಂತಂತೆ.

ಅತ್ತೆ ನನ್ನ ಕಿವಿಯಲ್ಲಿ ಹೆಸರು ಹೇಳಿದರು. ಹೆಸರು ಸಾಕೆಂದಿದ್ದರು, ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಕೊನೆಯ ಹಾಳೆಯಲ್ಲಿ ಹೆಸರು ಬರೆದು, ಇವಳು ಈ ಮನೆಯ ಮಗಳು, ಹನ್ನೊಂದನೇ ವಯಸ್ಸಿನಲ್ಲಿ ಪ್ಲೇಗಿನಿಂದ ನಮ್ಮ ಹೊಲದಲ್ಲೇ ತೀರಿಕೊಂಡಳು ಎಂದು ಕೆಳಗೆ ಸೇರಿಸಿದೆ. ಭಾವ ಪುಸ್ತಕ ತಿರುವಿ ನೋಡಿ, "ಅಕ್ಷರ ಮುತ್ತು ಪೋಣಿಸ್ದಂಗೈತೆ" ಎಂದರು. ಅವರಿಗೆ ಅದು ಮುತ್ತೇ, ಓದಲು ಬಂದಿದ್ದರೆ ತಾನೆ?

ಶಾಸ್ತ್ರದ ದಿನ ಬೀಗರು ಎರಡು ಗಾಡಿಗಳಲ್ಲಿ ಬಂದಿಳಿದರು. ಚರಿತ್ರೆ ಓದುವುದಕ್ಕೆ ಭಾವ ಚನ್ನಪಟ್ಟಣದ ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿದ್ದರು. ಸ್ಕೂಲಿಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಮೇಷ್ಟ್ರು ಬರಲಿಲ್ಲ. ಭಾವ ಆಗಲೇ ಪುಸ್ತಕದ ವಿಷಯ ಹತ್ತು ಸಲ ಕೊಚ್ಚಿಕೊಂಡಾಗಿತ್ತು. ಬೀಗರ ಹಿರಿಯ, ಕನ್ನಡಕ ಊರಲ್ಲೇ ಮರೆತಿದ್ದವರು, "ಬರ್ದಿರೋ ಸೊಸೇನೇ ಒಳಗಿಂದ ಓದ್ಲಿ, ನಮ್ಗೆ ಕೇಳ್ಸಿದ್ರೆ ಆಯ್ತು" ಎಂದರು. ಭಾವ ಒಪ್ಪದೆ ಇರುವ ಹಾಗಿರಲಿಲ್ಲ. ನಾನು ಹೆಂಗಸರ ನಡುವೆ ಬಾಗಿಲ ಮರೆಯಲ್ಲಿ ಕೂತು ಪುಸ್ತಕ ತೆರೆದೆ.

ಮೊದಲ ಸಾಲಿನಲ್ಲೇ ದಳವಾಯಿಯ ಹೆಸರು. ಅದು ಭಾವನ ಹೆಸರು.

"ನಮ್ಮ ಭಾವನವರ ಹೆಸರಿನವರು ಮಾಗಡಿ ಅರಸರಲ್ಲಿ ದಳವಾಯಿಯಾಗಿದ್ದರು. ಭಾವನವರ ಹೆಸರಿನವರು ಬಿಳಿ ಕುದುರೆ ಏರುತ್ತಿದ್ದರು" ಎಂದು ಓದಿದೆ. "ಅವರ ಮಗ ನಮ್ಮ ಮಾವನವರ ಹೆಸರಿನವರು. ಅವರ ಮಗ ಮತ್ತೆ ಭಾವನವರ ಹೆಸರಿನವರು. ಇವರು ಹುಲಿ ಹೊಡೆದರು. ಇವರ ತಮ್ಮ ನಮ್ಮ ಯಜಮಾನರ ಹೆಸರಿನವರು."

ಹೊರಗೆ ಯಾರೋ ಕಿಸಕ್ಕೆಂದರು. ಬೀಗರ ಹಿರಿಯ ಭಾವನ ಕಡೆ ತಿರುಗಿ, "ಹುಲಿ ಹೊಡ್ದಿದ್ದು ನೀವೇಯಾ ಬೀಗರೆ? ನಮ್ಗೆ ಹೇಳ್ಲೇ ಇಲ್ವಲ್ಲ! ಮತ್ತೆ ದಳವಾಯಿ ನಮ್ ಪುಸ್ತಕದಲ್ಲೂ ನಮ್ಮೋರೇ ಅಂತ ಐತೆ, ಇಬ್ರೂ ಒಂದೇ ಕುದ್ರೆ ಮೇಲೆ ಕೂತಿದ್ರಾ ಏನ್ ಕಥೆ?" ಎಂದರು. ಜಗುಲಿಯೆಲ್ಲ ನಕ್ಕಿತು. ನಾನು ಬೇಕೆಂದು ಮಾಡಿದ್ದಲ್ಲ, ರೂಢಿ ಬಿಟ್ಟು ಒಂದಕ್ಷರ ಓದಲಿಲ್ಲ. ಆದರೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಹಾಗೇ ಓದುತ್ತ ಹೋದೆ. ಅಷ್ಟೂ ಜನ ವೀರರಲ್ಲಿ ಒಬ್ಬರ ಹೆಸರೂ ಆ ಮನೆಯಲ್ಲಿ ಕೇಳಿಸಲಿಲ್ಲ.

ಕೊನೆಯ ಹಾಳೆಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಪ್ಲೇಗು ಮುಚ್ಚಿಟ್ಟ ಮನೆ ಎಂದು ಬೀಗರು ಎದ್ದು ಹೋದರೆ? ಹೊಸ ಸೀರೆ ಉಟ್ಟು ಕೂತಿದ್ದ ಭಾವನ ಮಗಳು ಏನು ತಪ್ಪು ಮಾಡಿದ್ದಳು? ಪುಸ್ತಕ ಮಡಚಿಬಿಡೋಣ ಎನಿಸಿತು. ಅತ್ತೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ನಾದಿನಿಯ ಹೆಸರು ಹೇಳಬಾರದೆಂದು ಯಾವ ರೂಢಿಯೂ ಇಲ್ಲ. ಗಟ್ಟಿಯಾಗಿ ಹೇಳಿದೆ. ಕೆಳಗಿನ ಸಾಲನ್ನೂ ಓದಿದೆ.

ಜಗುಲಿಯ ನಗು ನಿಂತಿತು.

"ಅದ್ಯಾರ್ದೋ ಹೆಸ್ರು. ಬರೆಯೋವಾಗ ತಪ್ಪಾಗೈತೆ" ಎಂದರು ಭಾವ.

ಗಂಡಸರು ಕೂತ ಕಡೆಗೆ ಎಂದೂ ದನಿ ಎತ್ತದಿದ್ದ ಅತ್ತೆ ಒಳಗಿನಿಂದಲೇ ಹೇಳಿದರು. "ತಪ್ಪಾಗಿಲ್ಲ. ನಾನ್ ಹೆತ್ತಿದ್ದು."

ಆಮೇಲೆ ಬೀಗರ ಹಿರಿಯ ಕೆಮ್ಮಿದರು. "ನಮ್ಮನೇಲೂ ಇಬ್ರು ಹೋದ್ರು ಕಣಮ್ಮ, ಅದ್ರಲ್ಲೇ. ಅಚ್ಚಾಕ್ಸಿದ್ ಪುಸ್ತಕದಲ್ಲಿ ಅವ್ರಿಲ್ಲ" ಎಂದು ತಾವೇ ಎಲೆ ಅಡಿಕೆಯ ತಟ್ಟೆ ಎತ್ತಿಕೊಟ್ಟರು. ಶಾಸ್ತ್ರ ನಡೆಯಿತು. ಆ ಮನುಷ್ಯನ ಮೇಲೆ ಅಂದು ನನಗೆ ಹುಟ್ಟಿದ ಗೌರವ ಇನ್ನೂ ಇದೆ, ಅವರ ಪುಸ್ತಕದ ಮೇಲೆ ಇಲ್ಲ.

ಗಾಡಿಗಳು ಕಣ್ಮರೆಯಾದ ಕೂಡಲೇ ಭಾವ ಕೊನೆಯ ಹಾಳೆಯನ್ನು ಕಿತ್ತು ಅಂಗಳಕ್ಕೆ ಎಸೆದು, ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟರು. ನನಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಅತ್ತೆ ಹಾಳೆಯನ್ನು ಎತ್ತಿಕೊಂಡು ತಮ್ಮ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡರು. ಹೆಸರು ಎಲ್ಲಿದೆ ಎಂದು ಒಂದು ಸಲ ತೋರಿಸಿಕೊಟ್ಟಿದ್ದೆ. ಆಮೇಲೆ ಹಾಳೆಯನ್ನು ತಲೆಕೆಳಗಾಗಿ ಹಿಡಿದಾಗಲೂ ಅವರ ಬೆರಳು ಅಲ್ಲಿಗೇ ಹೋಗುತ್ತಿತ್ತು. ಇನ್ನು ಆ ವಂಶದ ಚರಿತ್ರೆಯನ್ನು ದಳವಾಯಿ, ಕುದುರೆ, ಆನೆ ಸಮೇತ ಅಟ್ಟದ ಮೇಲೆ ಗೆದ್ದಲು ತಿಂದಿತು.

ಅತ್ತೆ ಎಂಟು ವರ್ಷ ಬದುಕಿದರು. ಅವರನ್ನು ಮಣ್ಣು ಮಾಡಲು ಹೊರಡುವ ಮೊದಲು ಸಂಚಿ ಬಿಚ್ಚಿದಾಗ ಹಾಳೆ ಭಾವನ ಕೈಗೆ ಸಿಕ್ಕಿತು. ತಲೆ ನರೆತಿತ್ತು, ಮೀಸೆ ಇಳಿದಿತ್ತು. ನನ್ನ ಕಡೆ ಚಾಚಿ, "ಏನವ್ವ ಇದು, ಒಸಿ ಓದು" ಎಂದರು. ಅದೇನೆಂದು ಅವರಿಗೆ ಗೊತ್ತಿತ್ತು, ಹಾಳೆಯನ್ನು ಹಿಡಿದಿದ್ದ ರೀತಿ ನೋಡಿದರೇ ತಿಳಿಯುತ್ತಿತ್ತು.

"ಓದೋದೇನಿದೆ ಭಾವ. ನಿಮ್ಮ ತಂಗಿ ಹೆಸರು. ಇವತ್ತು ಅತ್ತೆಗೆ ಕೇಳೋ ಹಾಗೆ ನೀವೇ ಹೇಳಿ" ಎಂದೆ.

ಅವರು ಅವ್ವನ ಮುಖ ನೋಡಿದರು. ತುಟಿ ಎರಡು ಸಲ ಅಲುಗಿತು. ಆಮೇಲೆ ಹಾಳೆಯನ್ನು ಮಡಚಿ, ಸಂಚಿಯೊಳಗೆ ಹಾಕಿ, ಸಂಚಿಯನ್ನು ಅವ್ವನ ಪಕ್ಕದಲ್ಲಿ ಇಟ್ಟು ಎದ್ದು ಹೋದರು. ಹೇಳಲಿಲ್ಲ. ಆ ಹೆಸರು ಹೇಳಬಾರದೆಂದು ಅವರಿಗೆ ಯಾವ ರೂಢಿಯೂ ಇರಲಿಲ್ಲ.