ಅಪ್ಪನ ಬಸ್ಸಿನ ಮೊದಲ ಸೀಟು

ನಮ್ಮ ಮನೆಯೆದುರಿನ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಬೆಳಿಗ್ಗೆ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುವಾಗ ಮೊದಲು ಒಂದಿಷ್ಟು ದಟ್ಟ ಹೊಗೆ ಏಳುತ್ತದೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾಳೆ. ಅವಳು ಅಡುಗೆಮನೆಗೆ ಹೋದ ಮೇಲೆ ನಾನು ಮೆಲ್ಲಗೆ ತೆಗೆಯುತ್ತೇನೆ. ನನಗೆ ಅದು ನಮ್ಮ ಅಪ್ಪನ ಅಂಗಿಯ ವಾಸನೆ...

ಅಪ್ಪ ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಬಸ್ಸು ಓಡಿಸುತ್ತಿದ್ದ. ಬಸ್ಸು ಅವನದೇ. ಗಂಡಸಿ ಹತ್ತಿರದ ತೆಂಗಿನ ತೋಟದಲ್ಲಿ ತನ್ನ ಪಾಲನ್ನು ಮಾರಿ ತಂದದ್ದು. ಮಣ್ಣು ಬಿಟ್ಟು ತಗಡು ಕಟ್ಟಿಕೊಂಡ ಎಂದು ಅಣ್ಣತಮ್ಮಂದಿರು ಆಡಿಕೊಳ್ಳುತ್ತಿದ್ದರು. ಅಪ್ಪ ತಲೆ ಕೆಡಿಸಿಕೊಂಡವನಲ್ಲ. ದಿನಾ ಬೆಳಿಗ್ಗೆ ಎತ್ತಿನ ಮೈ ತೊಳೆಯುವ ಹಾಗೆ ಬಸ್ಸು ತೊಳೆಯುತ್ತಾ ಅದರ ಜೊತೆ ಮಾತಾಡುತ್ತಿದ್ದ. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿಸಿದ್ದ. ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಲ್ಲಿ ಇಂಜಿನ್ನು ಓಡಬೇಕು. ಸಂಜೆ ಮನೆಗೆ ಬಂದರೆ ಅವನ ಕಿವಿಯೊಳಗೂ ಮಸಿ. ನಾನು ಕಟ್ಟಿಕೊಂಡಿದ್ದು ನಿಮ್ಮನ್ನೋ ಒಲೆಯನ್ನೋ ಎಂದು ಅವ್ವ ಅಂಗಿ ಕುಕ್ಕಿ ಒಗೆಯುತ್ತಾ ಗೊಣಗುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ಅಪ್ಪ ಬೇಲೂರಿನಿಂದ ಕಾಫಿಬೀಜ ತರುತ್ತಿದ್ದ. ಅವ್ವ ಕಾಫಿ ಕುಡಿಯುತ್ತಿರಲಿಲ್ಲ. ಹುರಿದು ಪುಡಿಮಾಡಿ ಅವನಿಗೇ ಕೊಡುತ್ತಿದ್ದಳು.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ನಮ್ಮ ಮನೆಯಲ್ಲೇ ಇದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಗಂಡನ ತಮ್ಮಂದಿರು ಅವಳನ್ನು ಹುಲಿಕೆರೆಯ ಮನೆಯಿಂದ ಹೊರಗೆ ಹಾಕಿದ್ದರು. ಗಂಡನ ಪಾಲಿಗೆ ಬಂದಿದ್ದ ರಾಗಿ ಹೊಲ ಒಂದು ಮಾತ್ರ ಅವಳಿಗೆ ಉಳಿದಿತ್ತು. ಅವಳು ಒಂದು ಸಲ ಬಿತ್ತದೆ ಬಿಟ್ಟರೂ ಸಾಕು, ತಾವು ನೇಗಿಲು ಹೂಡಿ ಹೊಲ ನಮ್ಮದೇ ಅನ್ನಬೇಕೆಂದು ಮೈದುನರು ಕಾಯುತ್ತಿದ್ದರು. ಅದಕ್ಕೇ ಬಿತ್ತನೆ, ಕಳೆ, ಕೊಯ್ಲು ಅಂತ ದೊಡ್ಡವ್ವ ಅಪ್ಪನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹೊಲ ಹಳೇಬೀಡಿಗೆ ಮುಂಚೆ ರಸ್ತೆ ಅಂಚಿಗೇ ಇತ್ತು.

ಆಗೆಲ್ಲ ಬಸ್ಸಿಗೆ ಮೊದಲು ಹತ್ತುವವರೆಂದರೆ ಬೋಣಿ. ಮುತ್ತೈದೆ ಹತ್ತಿದರೆ ಶುಭ. ಗಂಡ ಸತ್ತವಳು ಮೊದಲು ಹತ್ತಿದರೆ ಆ ಬಸ್ಸು ಊರು ಸೇರುವುದಿಲ್ಲ ಎಂದು ಜನ ನಂಬಿದ್ದರು. ಆದ್ದರಿಂದ ದೊಡ್ಡವ್ವ ಅರಸೀಕೆರೆಯ ರೈಲ್ವೆ ಸ್ಟೇಷನ್ ಮುಂದಿನ ಹುಣಸೆ ಮರದ ಹಿಂದೆ ಸೆರಗು ಹೊದ್ದು ನಿಂತಿದ್ದು, ಎಲ್ಲರೂ ಹತ್ತಿದ ಮೇಲೆ ಕೊನೆಗೆ ಬಂದು ಮೂಟೆಗಳ ನಡುವೆ ತೂರಿಕೊಳ್ಳುತ್ತಿದ್ದಳು. ಹಾಗೆ ನಿಲ್ಲು ಎಂದು ಹೇಳಿಕೊಟ್ಟವಳು ನಮ್ಮವ್ವನೇ. ಅಕ್ಕನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಬಸ್ಸು ನಿಂತರೆ ಮನೆಯ ಒಲೆಯೂ ಉರಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಒಂದು ವರ್ಷ ಮುಂಗಾರು ಒಳ್ಳೆ ಹದವಾಗಿ ಬಿತ್ತು. ದೊಡ್ಡವ್ವ ಹುಲಿಕೆರೆಯ ಒಬ್ಬರಿಗೆ ಎತ್ತು ತರಲು ಹೇಳಿಕಳಿಸಿ, ಬೀಜದ ರಾಗಿಯ ಗಂಟು ಹಿಡಿದು ಮರದ ಹಿಂದೆ ನಿಂತಿದ್ದಳು. ತಡವಾಗಿ ಬಂದ ರೈಲಿನಿಂದ ಇಳಿದ ಜನ ಒಟ್ಟಿಗೆ ನುಗ್ಗಿ ಬಸ್ಸು ತುಂಬಿಹೋಯಿತು. ಎಂದಿನಂತೆ ಹಿಂದೆ ಹತ್ತಿರುತ್ತಾಳೆ ಅಂದುಕೊಂಡು ಅಪ್ಪ ಹೊರಟೇಬಿಟ್ಟ.

ಸಂಜೆ ಬಂದವನೇ ನೇರ ಹಿತ್ತಿಲಿಗೆ ಹೋದ. ದೊಡ್ಡವ್ವ ಬೀಜದ ರಾಗಿಯನ್ನು ಮೊರದಲ್ಲಿ ಹರವಿಕೊಂಡು ಕೂತಿದ್ದಳು. ಮೈದುನರು ಅವಳ ಹೊಲದಲ್ಲಿ ಹಳೇ ಬೆಳೆಯ ಕೂಳೆ ಆಯುತ್ತಿದ್ದದ್ದನ್ನು ಅಪ್ಪ ದಾರಿಯಲ್ಲಿ ಕಂಡು ಬಂದಿದ್ದ. ನಾಳೆ ಬೆಳಿಗ್ಗೆ ನೇಗಿಲು ಕಟ್ಟುತ್ತಾರಂತೆ ಎಂದು ತಿಳಿಸಿ, ಯಾಕೆ ಕೂಗಲಿಲ್ಲ ಎಂದು ಕೇಳಿದ.

"ಹೊಂಟ ಬಸ್ಸ ಹಿಂದ್ಲಿಂದ ಕೂಗಾಕಾಯ್ತದಾ?" ಅಂದಳು ದೊಡ್ಡವ್ವ. "ಅದ್ರಾಗೂ ನಾನು."

ಅಪ್ಪ ಅವತ್ತು ಮುದ್ದೆ ಮುರಿದವನು ಅರ್ಧಕ್ಕೇ ಎದ್ದ. ಊಟ ಬಿಟ್ಟು ಏಳುವ ಜಾತಿಯವನಲ್ಲ ನಮ್ಮಪ್ಪ.

ಮಾರನೇ ದಿನ ಸ್ಟೇಷನ್ ಮುಂದೆ ಗಂಡಸಿ ಕಡೆಯ ಒಂದು ಮದುವೆ ದಿಬ್ಬಣ ಬಸ್ಸಿಗೆ ಕಾದಿತ್ತು. ಹೊಸ ಗಂಡುಹೆಣ್ಣನ್ನು ಬೇಲೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೊರಟವರು. ಅಪ್ಪ ಯಾರನ್ನೂ ಹತ್ತಿಸಿಕೊಳ್ಳದೆ ಸೀದಾ ಹುಣಸೆ ಮರದ ಹಿಂದೆ ಹೋಗಿ, ಅಕ್ಕಾ, ಮೊದಲು ನೀವು ಹತ್ತಿ ಅಂದ. ದೊಡ್ಡವ್ವ ಅಲ್ಲಾಡಲಿಲ್ಲ. ಅಪ್ಪ ಅವಳ ಕೈಯಿಂದ ಬೀಜದ ಗಂಟು ಕಿತ್ತುಕೊಂಡು ಬಂದು ತನ್ನ ಬೆನ್ನ ಹಿಂದಿನ ಸೀಟಿನ ಮೇಲೆ ಇಟ್ಟ. ಬೀಜ ಹೋದ ಕಡೆ ಅವಳು ಹೋಗಲೇಬೇಕಲ್ಲ. ತಲೆ ತಗ್ಗಿಸಿಕೊಂಡು ಬಂದು ಹತ್ತಿದಳು.

ದಿಬ್ಬಣದ ಹಿರಿಯರು ಹೊಸ ಮದುಮಕ್ಕಳು ಕಣಪ್ಪಾ, ಆಯಮ್ಮನ್ನ ಹಿಂದೆ ಕೂರಿಸು ಎಂದು ಮರ್ಯಾದೆಯಿಂದಲೇ ಕೇಳಿದರು. ಅಪ್ಪನೂ ಮರ್ಯಾದೆಯಿಂದಲೇ ಹೇಳಿದ: "ನಿಮ್ ಮಕ್ಳು ನೂರ್ಕಾಲ ಬಾಳ್ಲಿ ಸ್ವಾಮಿ. ಆದ್ರೆ ನಮ್ಮಕ್ಕ ಮೊದ್ಲು ಹತ್ತದೆ ಈ ಬಸ್ಸು ಹೊರಡಾಕಿಲ್ಲ."

ದಿಬ್ಬಣ ಪಕ್ಕದಲ್ಲಿದ್ದ ಇನ್ನೊಂದು ಬಸ್ಸಿಗೆ ಹೋಯಿತು. ಅವರ ಹಿಂದೆ ಮುಕ್ಕಾಲು ಜನವೂ ಹೋದರು. ಸ್ಕೂಲಿಗೆ ಹೊರಟು ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನನ್ನು, ಹೇಗೂ ಬಸ್ಸು ಖಾಲಿ, ನೀನೂ ಹತ್ತೇ ಎಂದು ಅಪ್ಪ ಕೂರಿಸಿಕೊಂಡ.

ನಾವು ಹೋಗುವ ಹೊತ್ತಿಗೆ ಮೈದುನರು ಹೊಲದ ಬದುವಿನ ಮೇಲೆ ಎತ್ತಿಗೆ ನೊಗ ಕಟ್ಟುತ್ತಿದ್ದರು. ಅಪ್ಪ ಬಸ್ಸು ನಿಲ್ಲಿಸಿದ. ಇಳಿದು ಹಿಂದೆ ಹೋಗಿ, ಒಲೆಯ ಮುಚ್ಚಳ ತೆಗೆದು, ಬೇಳೆ ಆರಿಸುವ ಹಾಗೆ ಒಂದೊಂದೇ ಇದ್ದಿಲು ಹಾಕತೊಡಗಿದ. ಕಂಡಕ್ಟರ್ ಒಲೆಗೆ ಗಾಳಿ ಊದುವ ಫ್ಯಾನು ತಿರುಗಿಸುತ್ತಾ ನಿಂತ. ಇದ್ದ ಪ್ರಯಾಣಿಕರು ಇಳಿದು ಹೊಲದಂಚಿಗೆ ಬಂದರು. ಎಲ್ಲರೂ ಸುತ್ತಲಿನ ಊರಿನವರೇ, ಆ ಮೈದುನರ ಮುಖ ಕಂಡವರೇ. ದೊಡ್ಡವ್ವ ಗಂಟು ಎದೆಗೆ ಅವಚಿಕೊಂಡು ಹೊಲಕ್ಕೆ ಇಳಿದಳು. ಇನ್ನೂ ಎಷ್ಟು ಹೊತ್ತು ನಿಲ್ಲಿಸುತ್ತೀಯಾ ಎಂದು ದೊಡ್ಡ ಮೈದುನ ಅಪ್ಪನನ್ನು ಗದರಿದ.

"ಏನ್ ಮಾಡ್ಲಪ್ಪಾ," ಅಂದ ಅಪ್ಪ, ತಲೆ ಎತ್ತದೆ. "ನಮ್ಮಕ್ಕ ಬಿತ್ತಿ ಮುಗ್ಸೋ ಗಂಟ ಇಂಜಿನ್ನು ಬಿಸಿ ಆಗಾಕಿಲ್ಲ."

ಜನ ನಕ್ಕರು. ಊರಿನವರ ಕಣ್ಣೆದುರಿಗೆ, ಬೀಜ ಹಿಡಿದು ಹೊಲದಲ್ಲಿ ನಿಂತ ಅತ್ತಿಗೆಯ ಮೇಲೆ ಎತ್ತು ಹೊಡೆಯಲು ಅವರಿಗೆ ಧೈರ್ಯ ಬರಲಿಲ್ಲ. ನೊಗ ಬಿಚ್ಚಿಕೊಂಡು ಹೋದರು. ದೊಡ್ಡವ್ವ ಹೇಳಿಕಳಿಸಿದ್ದವರ ಎತ್ತೂ ಬಿತ್ತುವ ಕೂರಿಗೆಯೂ ಬಂದವು. ಜಾವಗಲ್ಲಿನ ಒಬ್ಬ ಮುದುಕರು, ನಮ್ಮ ಬಸ್ಸಿನವರೇ, ಪಂಚೆ ಎತ್ತಿ ಕಟ್ಟಿ ಕೂರಿಗೆಯ ಹಿಂದೆ ನಿಂತರು. ಹೊಲಕ್ಕೆ ರಾಗಿ ಬಿತ್ತು. ಆಮೇಲೆ ನಮ್ಮ ಬಸ್ಸು ಬೇಲೂರಿಗೆ ಹೋಗುವಾಗ, ಮುಂದೆ ಹೋಗಿದ್ದ ಆ ಇನ್ನೊಂದು ಬಸ್ಸು ಒಂದು ಏರಿನಲ್ಲಿ ಕೆಟ್ಟು ನಿಂತಿತ್ತು. ಬಾಸಿಂಗ ಕಟ್ಟಿದ್ದ ಮದುಮಗನೇ ತಳ್ಳುತ್ತಿದ್ದ. ಅಪ್ಪ ಹಾರ್ನ್ ಸಹ ಮಾಡದೆ ಇಳಿದು ಹೋಗಿ ತಾನೂ ಕೈ ಕೊಟ್ಟ. ಅದಕ್ಕೇ ನನಗೆ ಅಪ್ಪನ ಮೇಲೆ ಇನ್ನೂ ಹೆಚ್ಚು ಹೆಮ್ಮೆ. ನಾನಾಗಿದ್ದರೆ ಹಾರ್ನ್ ಮಾಡಿಕೊಂಡೇ ಹೋಗುತ್ತಿದ್ದೆ.

ಅವ್ವ ಮಾತ್ರ ಬಹಳ ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಕ್ಕ ನನ್ನ ಒಡಹುಟ್ಟಿದವಳು, ನನಗಿಲ್ಲದ ಉರಿ ನಿಮಗ್ಯಾಕೆ ಎಂದು ಒಂದೇ ಸಮ ಅಂದಳು. ಜನ ಕಡಿಮೆಯಾಗಿದ್ದದ್ದೂ ನಿಜ. ಅವಳು ತಟ್ಟೆ ಕುಕ್ಕಿದರೆ ಅಪ್ಪ ಸಾರು ಬಲು ರುಚಿ ಅನ್ನುತ್ತಿದ್ದ. ದೊಡ್ಡವ್ವ ಹೊರಟ ದಿನವೆಲ್ಲ ಅದೇ ಸೀಟು, ಮೊದಲು ಅವಳೇ. ಅವಳ ಹೊಲದ ಹತ್ತಿರ ಒಲೆಗೆ ಇದ್ದಿಲು ಹಾಕುವುದೂ ನಿಲ್ಲಲಿಲ್ಲ. ಹೋಗುತ್ತಾ ಹೋಗುತ್ತಾ ಜನ ತಾವಾಗಿ ವಾಪಸ್ಸು ಬಂದರು. ಇದ್ದಿಲು ಬಸ್ಸು ಮುತ್ತೈದೆ ಹತ್ತಿದ ದಿನವೂ ಕೆಡುತ್ತದೆ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಯುದ್ಧ ಮುಗಿದು, ಪೆಟ್ರೋಲು ಬಂದು, ಆ ಒಲೆ ಬಿಚ್ಚಿಸಿದ ಮೇಲೆ ಅಪ್ಪ ಹೆಚ್ಚು ಕಾಲ ಇರಲಿಲ್ಲ. ವಿಷಮಜ್ವರ ಬಂತು... ಅದರ ಬಗ್ಗೆ ಬರೆಯಲಾರೆ. ಫ್ಯಾನು ತಿರುಗಿಸುತ್ತಿದ್ದ ಕಂಡಕ್ಟರ್ ಈಗ ನಮ್ಮ ಬಸ್ಸಿಗೆ ಡ್ರೈವರಾಗಿದ್ದ. ಅಪ್ಪನೇ ಕಲಿಸಿದ್ದು.

ಅವ್ವ ತಿಂಗಳುಗಟ್ಟಲೆ ಹೊಸ್ತಿಲು ದಾಟಲಿಲ್ಲ. ಅಳಲೂ ಇಲ್ಲ. ರಾಗಿ ಕೊಯ್ಲಿಗೆ ಬಾ, ಕೂತು ಕೂತು ಮರಗಟ್ಟಿಹೋಗುತ್ತೀಯೆ ಎಂದು ದೊಡ್ಡವ್ವ ಬಲವಂತದಿಂದ ಹೊರಡಿಸಿದಳು. ನಾನೂ ಜೊತೆಗಿದ್ದೆ. ಸ್ಟೇಷನ್ ಮುಂದೆ ಬಂದದ್ದೇ ಅವ್ವ ಯಾರೂ ಹೇಳದೆ ಹುಣಸೆ ಮರದ ಹಿಂದೆ ಹೋಗಿ ಸೆರಗು ಎಳೆದುಕೊಂಡು ನಿಂತಳು. ದೊಡ್ಡವ್ವನ ಮುಖ ನೋಡಲಾಗಲಿಲ್ಲ ನನಗೆ.

ಸ್ವಲ್ಪ ಹೊತ್ತಾದರೂ ಬಸ್ಸಿಗೆ ಯಾರೂ ಹತ್ತಲಿಲ್ಲ. ಜನರೆಲ್ಲ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದರು. ಡ್ರೈವರ್ ಇಳಿದು ಮರದ ಹತ್ತಿರ ಬಂದು, ಬನ್ನಿ ಅವ್ವಾ ಅಂದ.

"ನನ್ನಂತೋಳು ಮೊದ್ಲು ಹತ್ತಬಾರ್ದು ಕಣಪ್ಪಾ," ಅಂದಳು ಅವ್ವ. "ಅವ್ರ ಬಸ್ಸಿಗೆ ಕೇಡಾಯ್ತದೆ."

"ನೀವು ಹತ್ತದೆ ಹೊರಡಾಕಿಲ್ಲ ಕಣವ್ವಾ. ಯಜಮಾನ್ರು ನಂಗೆ ಬ್ಯಾರೆ ತರ ಓಡ್ಸೋದ ಕಲಿಸಿಲ್ಲ."

ಅವ್ವ ಹತ್ತಿದಳು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಕೂತವಳೇ ಮುಂದಿನ ಕಂಬಿಗೆ ಹಣೆ ಹಚ್ಚಿ, ಅಪ್ಪ ಹೋದ ಮೇಲೆ ಮೊದಲ ಸಲ, ದೊಡ್ಡ ದನಿ ತೆಗೆದು ಅತ್ತಳು. ಅವಳ ಅಳು ಸಣ್ಣದಾಗುವವರೆಗೂ ಜನ ಕೆಳಗೇ ಕಾದಿದ್ದರು.

ಅವರೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಹೋದ ತಿಂಗಳು ಅರಸೀಕೆರೆಯಲ್ಲಿ ನಾನು ಬೇಲೂರು ಬಸ್ಸು ಹತ್ತುವಾಗ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ತಳ್ಳಿಕೊಂಡೇ ಮುಂದೆ ಹೋದಳು. ನಮ್ಮ ಮನೆಯವರು ಹೋದಾಗಿನಿಂದ ಬರಿದಾಗಿರುವ ನನ್ನ ಹಣೆಯನ್ನು ಅವಳೂ ನೋಡಲಿಲ್ಲ, ಬೇರೆ ಯಾರೂ ನೋಡಲಿಲ್ಲ. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಅಪ್ಪನಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.